ನೀರಾವರಿ ಸಾಹೇಬರ ಅಭಿಷೇಕ

ಸ್ನಾನವೆಂದರೆ ನೆಲದ ಮೇಲೆ ಕೂತು ಬಕೆಟ್‌ಗಟ್ಟಲೆ ಸುರಿದುಕೊಳ್ಳುವುದು ಎಂದೇ ಸಾವಿತ್ರವ್ವ ತಿಳಿದಿದ್ದಳು. ಜರ್ಮನಿಯ ಬಚ್ಚಲಿನ ನೆಲಕ್ಕೆ ನೀರು ಹೋಗುವ ತೂತೇ ಇಲ್ಲವೆಂದು ಅವಳಿಗೆ ಹೊಳೆಯುವ ಹೊತ್ತಿಗೆ ಕೆಳಮನೆಯಲ್ಲಿ ಕೃಷ್ಣೆ, ಘಟಪ್ರಭೆ ಕೂಡಿ ಹರಿದಿದ್ದವು. ಕೆಳಗಿದ್ದವನು ಮನೆ ಮಾಲೀಕ ಹೆರ್ ಕ್ರೌಸ್. ಸಂಜೆಯೊಳಗೆ ಇನ್ನೊಂದು ಹನಿ ಬಿದ್ದರೆ ಮನೆ ಖಾಲಿ ಎಂದುಬಿಟ್ಟ.

ಅಮೆರಿಕದಂತೆ ತಾನೂ ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರಿನವರನ್ನು ಕರೆಸಿಕೊಂಡ ಜರ್ಮನಿಯಲ್ಲಿ ನೌಕರಿ ಸಿಗುತ್ತಿತ್ತು, ಬಾಡಿಗೆ ಮನೆ ಸಿಗುತ್ತಿರಲಿಲ್ಲ. ಇದೊಂದಕ್ಕಾಗಿ ಅವಳ ಗಂಡ ನಿಜಲಿಂಗಪ್ಪ ಅರ್ಧ ಮ್ಯಾನ್‌ಹೈಮ್ ಊರಿನ ಬಾಗಿಲು ಬಡಿದು ಸವೆಸಿದ್ದ.

"ಚೀನಾದವ್ರು ಪಾರ್ಕಿನ್ಯಾಗ ಗುಡಿ ಕಟ್ಯಾರಲೇ," ಎಂದ ಆಫೀಸಿನ ಗೆಳೆಯ ಬೈರಪ್ಪ. "ಅವ್ರ ದೇಶದಾಗ ನೀರು ನೋಡ್ಕೊಂತಿದ್ದ ಹಳೇ ಆಫೀಸರ್‌ಗೋಳ ಗುಡಿ. ಕಾಲಿಗೆ ಬಿದ್ದು ಬಾ."

"ನೀರಾವರಿ ಸಾಹೇಬ್ರಿಗೆ ಗುಡಿ? ನಮ್ಮೂರಾಗ ಅವ್ರಿಗೆ ಬರೇ ಬೈಗುಳಲೇ!"

ಗುಡಿಯಲ್ಲಿ ಮೂವರು ಸಾಹೇಬರು. ಒಂದೇ ಟೋಪಿ, ಒಂದೇ ಗಡ್ಡ. ಚೀಫ್ ಯಾರು, ಜೂನಿಯರ್ ಯಾರು? ಸಾಲು ತಪ್ಪಿದರೆ ಅರ್ಜಿ ನಿಂತೀತೆಂದು ನಿಜಲಿಂಗಪ್ಪ ಮೂವರಿಗೂ ಅಡ್ಡಬಿದ್ದ. ಮೂರನೆಯವರು ಬಗ್ಗಿ ಅವನನ್ನು ಎಬ್ಬಿಸಿದರು. ಅವರು ಅಲ್ಲಿನ ಮುದಿ ಕಾವಲುಗಾರ!

ಉಳಿದಿಬ್ಬರಲ್ಲಿ ಒಬ್ಬರು ಪ್ರವಾಹ ನಿಲ್ಲಿಸಿದವರು, ಇನ್ನೊಬ್ಬರು ಬರಡು ನೆಲಕ್ಕೆ ನೀರು ತಂದವರು ಎಂದು ಮುದುಕ ವಿವರಿಸಿದ.

"ನಿಲ್ಲಿಸಿದವರು ಯಾರು?"

"ಎಡಗಡೆಯವರು."

ನನ್ನ ಎಡವೋ, ಸಾಹೇಬರ ಎಡವೋ? ಕೇಳಬೇಕೆನ್ನುವಷ್ಟರಲ್ಲಿ ಮುದುಕ ಗುಂಪಿನಲ್ಲಿ ಮಾಯ. ನಿಜಲಿಂಗಪ್ಪ ಗುಡಿಯ ಅಂಗಡಿಯಲ್ಲಿ ಕೈಗೆ ಸಿಕ್ಕ ಹಸಿಮಣ್ಣಿನ ಸಾಹೇಬರೊಬ್ಬರನ್ನು ಕೊಂಡು ತಂದ.

"ನೀರಿನ ಸಾಹೇಬ್ರು. ಭಕ್ತಿಯಿಂದ ನೋಡ್ಕೊ," ಎಂದು ಹೆಂಡತಿಗೆ ಕೊಟ್ಟು ಕೆಳಗಿಳಿದ.

ಕ್ರೌಸನ ಛಾವಣಿ ಬಿಜಾಪುರದ ಮೇ ತಿಂಗಳ ಆಕಾಶದಂತೆ ಒಣಗಿತ್ತು. ಕಟ್ಟಡ ಕಟ್ಟಿದಾಗಿನಿಂದ ನಗದಿದ್ದ ಕ್ರೌಸ್ ಹಲ್ಲು ತೋರಿಸಿ ಕೈಕುಲುಕಲು ಅಂಗೈ ಚಾಚಿದ.

ಟಪ್! ಅಂಗೈ ಮೇಲೆ ಕೆಂಪು ಹನಿ. ಹಿಂದೆಯೇ ಇನ್ನೊಂದು. ಆಮೇಲೆ ಧಾರೆ.

ನಿಜಲಿಂಗಪ್ಪ ಮೇಲಕ್ಕೋಡಿದ. ನಡುಮನೆಯಲ್ಲಿ ಸಾವಿತ್ರವ್ವ ಸೀರೆ ಎತ್ತಿಕಟ್ಟಿ, ಬಕೆಟ್ ಹಿಡಿದು ನಿಂತಿದ್ದಳು.

"ಹೊಸ ದೇವ್ರು ಮನಿಗೆ ಬಂದ್ರ ಅಭಿಷೇಕ ಬ್ಯಾಡೇನ್ರೀ? ಇದು ಆರನೇ ಬಕೆಟ್ ನೋಡ್ರಿ. ಬಚ್ಚಲದಾಗ ಮಾತ್ರ ಒಂದು ಹನಿ ಚೆಲ್ಲಿಲ್ಲ!"

ಸಾಹೇಬರು ಗಡ್ಡದವರೆಗೆ ಕರಗಿದ್ದರು.

"ಹಂಗಾರ ಇವ್ರು ಬಲಗಡೆಯವ್ರ ಇರಬೇಕು," ಎಂದ ನಿಜಲಿಂಗಪ್ಪ.

ಬೆನ್ನ ಹಿಂದೆ ಕ್ರೌಸ್, ಅದೇ ಒದ್ದೆ ಅಂಗೈಯನ್ನು ಈಗ ಮನೆಯ ಕೀಲಿಗಾಗಿ ಚಾಚಿಕೊಂಡು ನಿಂತಿದ್ದ.