ಹೆಬ್ಬಾತುಗಳನ್ನು ಮಾತಿನಲ್ಲೇ ಗೆದ್ದದ್ದು

ಸೋಲು ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಚರ್ಚಾಸ್ಪರ್ಧೆಗಳಲ್ಲಿ ಎದುರಿಗೆ ಕೂತವರ ಮುಖದ ಮೇಲೆ ಅದನ್ನು ಸಾಕಷ್ಟು ಸಲ ನೋಡಿದ್ದೆ.

ನಾನು ಇಳಕಲ್ಲಿನ ನೇಕಾರರ ಮನೆಯ ಹುಡುಗಿ. ಮಗ್ಗದ ಸದ್ದಿಗಿಂತ ಜೋರಾಗಿ ಮಾತಾಡಿದರೆ ಮಾತ್ರ ಊಟ ಸಿಗುವ ಮನೆ ಅದು. ಮುಂದೆ ವಿದ್ಯಾಗಿರಿಯ ಕಾಲೇಜಿನಲ್ಲಿ ಅದೇ ದನಿಗೆ ಕಪ್ಪು, ಶೀಲ್ಡು ಸಿಗತೊಡಗಿದವು. ಬಾಗಲಕೋಟೆಯ ಹಿನ್ನೀರಿನ ದಂಡೆಯ ಊರಿಗೆ ಸೊಸೆಯಾಗಿ ಬಂದಾಗ ತವರಿನವರು ಕೊಟ್ಟ ಪಾತ್ರೆಗಳಿಗಿಂತ ನನ್ನ ಕಪ್ಪುಗಳೇ ಹೆಚ್ಚಿದ್ದವು. ಅತ್ತೆ ಒಂದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ಎಷ್ಟ ಮಜ್ಜಿಗಿ ಹಿಡಿತೈತಿ?" ಎಂದು ಕೇಳಿದರು.

ಇಂಥ ಮನೆಗೆ, ನನ್ನ ಹಾಗೆಯೇ ದೂರದಿಂದ ಬಂದು ಸೇರಿಕೊಂಡವು ಹೆಬ್ಬಾತುಗಳು. ತಲೆಯ ಮೇಲೆ ಎರಡು ಕರಿ ಪಟ್ಟೆ, ನಡಿಗೆಯಲ್ಲಿ ತಹಶೀಲ್ದಾರರ ಗತ್ತು. ಚಳಿ ಬಿತ್ತೆಂದರೆ ಹಿಮಾಲಯ ದಾಟಿ ಬರುತ್ತವೆ. ಹಗಲೆಲ್ಲ ನೀರಿನಲ್ಲಿ ವಿಶ್ರಾಂತಿ, ಬೆಳಿಗ್ಗೆ ಸಂಜೆ ನಮ್ಮ ಹೊಲದಲ್ಲಿ ಊಟ. ನೀರು ಇಳಿದ ಕರಿಮಣ್ಣಿನಲ್ಲಿ ಅತ್ತೆ ಕಡಲೆ ಬಿತ್ತಿದ್ದರು. ಅದು ಅವರ ಸ್ವಂತ ಬೆಳೆ. ಮಾವನವರೂ ಕೇಳದೆ ಕೈ ಹಾಕುವಂತಿರಲಿಲ್ಲ. ಹೆಬ್ಬಾತುಗಳು ಕೇಳಲಿಲ್ಲ.

ಊರಿನ ಗುಡಿಕಟ್ಟೆಯ ಮೇಲೆ ಚರ್ಚೆ ಎದ್ದಿತು. ಚರ್ಚೆ ಎಂದಮೇಲೆ ನಾನು ಮನೆಯಲ್ಲಿ ಕೂರುವುದುಂಟೆ?

ಪಕ್ಕದ ಹೊಲದ ಶಿವಪ್ಪ ಕಾಕಾ ಎದೆ ಬಡಿದುಕೊಂಡು, "ಪಟಾಕಿ ಹಚ್ಚರಿ! ಒಂದ ಸರಾ ಹಾರಿಸಿದ್ರ ಹಿಮಾಲಯಕ್ಕ ವಾಪಸ್!" ಎಂದರು.

ಪಟ್ಟಣದಿಂದ ಹಕ್ಕಿಯ ಫೋಟೋ ತೆಗೆಯಲು ಬಂದಿದ್ದ, ತನ್ನ ತೋಳಿಗಿಂತ ಉದ್ದದ ಕ್ಯಾಮೆರಾ ಹೊತ್ತ ಹುಡುಗ ಗಾಬರಿಯಾಗಿ, "ಬ್ಯಾಡ್ರಿ ಕಾಕಾ, ಅವಕ್ಕ ಕಾಯ್ದೆ ಐತ್ರಿ!" ಎಂದ.

"ನನ್ನ ಕಡ್ಲಿಗೊಂದ ಕಾಯ್ದೆ ಐತೇನಪಾ? ಇದ್ರ ಅದರದೂ ಒಂದ ಫೋಟೋ ಹೊಡಿ!" ಎಂದು ಕಾಕಾ ಗದರಿದರು.

ಅತ್ತೆ ಮಾತ್ರ ತಣ್ಣಗೆ, "ಇರಲಿ ಬಿಡ್ರಿ. ವರ್ಷಾ ಬರೋ ಬೀಗರವು. ಕಡ್ಲಿ ಕುಡಿ ನಾವೂ ಚೂಟಿ ಪಲ್ಯಾ ಮಾಡ್ತೀವಿ, ಅವೂ ಚೂಟತಾವ. ಚೂಟಿದ್ರ ಗಿಡಾ ಟಿಸಿಲ ಒಡಿತೈತಿ" ಎಂದರು.

ನಾನು ಎದ್ದು ನಿಂತೆ. ಪಟಾಕಿಯ ಪಕ್ಷಕ್ಕೆ ವಿವೇಕವಿಲ್ಲ, ಕ್ಯಾಮೆರಾ ಪಕ್ಷಕ್ಕೆ ಹೊಲವಿಲ್ಲ, ಬೀಗರ ಪಕ್ಷಕ್ಕೆ ಪುರಾವೆಯಿಲ್ಲ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಖಂಡಿಸಿದೆ. "ಅತ್ತಿ, ಬೀಗರು ಕುಡಿ ಚೂಟಿ ಸುಮ್ಮನಾದ್ರ ಛಲೋರಿ. ಬುಡಾನ ಕಿತ್ತರ? ಹಕ್ಕಿಗೆ ನೋವಾಗಲಾರದಂಗ, ಕಾಯ್ದೆ ಮುರಿಲಾರದಂಗ, ನಾ ಅವನ್ನ ಕಳಸ್ತೀನಿ!"

ಅತ್ತೆ ಸೆರಗು ಸರಿಮಾಡಿಕೊಂಡರು. "ಆತು. ಎಳ್ಳ ಅಮಾಸಿ ದಿನಾ ಹೊತ್ತ ಮುಳಗೂದ್ರಾಗ ನನ್ನ ಕಡ್ಲ್ಯಾಗ ಒಂದೂ ಬಾತುಕೋಳಿ ಇರಬಾರದು. ಇರಲಿಲ್ಲಂದ್ರ, ನನ್ನ ಸೊಸಿ ಶ್ಯಾಣ್ಯಾಕಿ ಅಂತ ಮಂದಿ ಮುಂದ ಅಂತೀನಿ. ಇದ್ದುವಂದ್ರ, ನೀ ಯುಗಾದಿತನಕಾ ಮನ್ಯಾಗ ಎದುರು ಮಾತಾಡಂಗಿಲ್ಲ!"

ಕಟ್ಟೆಯ ಮೂಲೆಯಲ್ಲಿ ಕೂತಿದ್ದ ನನ್ನ ಗಂಡನ ಮುಖದಲ್ಲಿ, ಮದುವೆಯಾದ ಮೇಲೆ ಮೊದಲ ಸಲ, ಭವಿಷ್ಯದ ಬಗ್ಗೆ ಒಂದು ಆಸೆ ಮಿನುಗಿತು. ಅದನ್ನು ನಾನು ಮರೆತಿಲ್ಲ.

ಮೊದಲ ಅಸ್ತ್ರ, ಬೆದರುಗೊಂಬೆ. ಹಳೇ ಅಂಗಿ ತೊಡಿಸಿದ ಗೊಂಬೆಗೆ ಯಾರು ಮರ್ಯಾದೆ ಕೊಡುತ್ತಾರೆ? ಆದ್ದರಿಂದ ಗಂಡನ ಮದುವೆಯ ಸೂಟು ತೊಡಿಸಿದೆ. ಬೆಳಿಗ್ಗೆ ಹೋಗಿ ನೋಡಿದರೆ ಹೆಬ್ಬಾತುಗಳು ಅದರ ಸುತ್ತ ಗುಂಪು ಕಟ್ಟಿ ನಿಂತಿವೆ. ಎರಡಂತೂ ಅದರ ಕಾಲ ಬುಡದಲ್ಲೇ ಮಲಗಿವೆ!

"ನನ್ನ ಸೂಟಿನ ಮ್ಯಾಲೆ ಹೇತಾವಲ್ಲ!" ಎಂದರು ಗಂಡ.

"ರೀ, ಹೆದರಿಕಿಗೂ ಹಂಗ ಆಗ್ತೈತ್ರಿ" ಎಂದು ನಾನು ಪ್ರತಿವಾದ ಹೂಡಿದೆ.

ಎರಡನೆಯದು ಬ್ರಹ್ಮಾಸ್ತ್ರ. ಮೈಕಿನ ಅಂಗಡಿಯಿಂದ ಒಂದು ಸ್ಪೀಕರ್ ತಂದು, ಹೊಲದ ನಡುವೆ ಗೂಟಕ್ಕೆ ಕಟ್ಟಿ, ನನ್ನ ಬಹುಮಾನಿತ ಭಾಷಣವನ್ನೇ ಹಚ್ಚಿಬಿಟ್ಟೆ. ವಿಷಯ: 'ಮಾತು ಬೆಳ್ಳಿ, ಮೌನ ಬಂಗಾರ'. ಮೌನದ ಪರವಾಗಿ ಅಷ್ಟು ಗಟ್ಟಿಯಾಗಿ ಈ ಜಿಲ್ಲೆಯಲ್ಲಿ ಯಾರೂ ಕೂಗಿಲ್ಲ! "ಮಾನ್ಯ ಸಭಾಧ್ಯಕ್ಷರೇ!" ಎಂದಕೂಡಲೇ ಇಡೀ ಹಿಂಡು ಭರ್ರನೆ ಎದ್ದು ನೀರಿಗೆ ಹೋಯಿತು. ನಾನು ಹೊಲದಲ್ಲೇ ಒಂದು ಸುತ್ತು ಕುಣಿದೆ.

ಮೂರು ದಿನ ಬಿಟ್ಟು ವಾಪಸ್ ಬಂದವು. ನಾನು ಸೌಂಡು ಏರಿಸಿದೆ. ಆಗ ಮೊದಲು ಹೋದದ್ದು ಶಿವಪ್ಪ ಕಾಕಾನ ನಾಯಿ. ಇಷ್ಟು ದಿನ ಹಕ್ಕಿಗಳನ್ನು ಬೊಗಳಿ ಬೊಗಳಿ ಎಬ್ಬಿಸುತ್ತಿದ್ದದ್ದು ಅದೊಂದೇ. ಕಳೆ ಕೀಳುವ ಹೆಂಗಸರು, "ಎವ್ವಾ, ಆ ಬಾಯಿ ಬಂದ್ ಆಗೂತನಕಾ ನಾವು ಬರಂಗಿಲ್ಲ" ಎಂದು ಬುಟ್ಟಿ ಎತ್ತಿಕೊಂಡು ನಡೆದರು. ಕೊನೆಗೆ ಶಿವಪ್ಪ ಕಾಕಾ ಎತ್ತು ಹೊಡೆದುಕೊಂಡು ಹೋದರು. ಅಲ್ಲ, ಎತ್ತುಗಳೇ ಅವರನ್ನು ಎಳೆದುಕೊಂಡು ಹೋದವು.

ಹೊಲದಲ್ಲಿ ಉಳಿದದ್ದು ಇಬ್ಬರೇ. ನನ್ನ ದನಿ, ಮತ್ತು ಹೆಬ್ಬಾತುಗಳು!

ಎಳ್ಳ ಅಮಾವಾಸ್ಯೆ ಬಂದೇಬಿಟ್ಟಿತು. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗಿ, ಮೊಸರನ್ನ ಕಟ್ಟಿಕೊಂಡು ಅಕ್ಕಪಕ್ಕದವರೆಲ್ಲ ಸೇರಿ ಹೊಲಕ್ಕೆ ಹೋದೆವು. ಹಬ್ಬದ ದಿನವೆಂದು ಅತ್ತೆ ಸ್ಪೀಕರ್ ಬಂದ್ ಮಾಡಿಸಿದ್ದರು. ಬನ್ನಿ ಗಿಡದ ಕೆಳಗೆ ಪೂಜೆಯಾಯಿತು. ಗಂಡ ಮುಂದೆ, "ಹುಲ್ಲುಲ್ಲಿಗೋ..." ಎಂದು ಕೂಗುತ್ತ, ಶಿವಪ್ಪ ಕಾಕಾ ಹಿಂದೆ, "ಚಲ್ಲಂಬ್ರಿಗೋ..." ಎನ್ನುತ್ತ ಎಡೆಯ ಅನ್ನವನ್ನು ಭೂಮಿತಾಯಿಗೆ ಚರಗ ಚೆಲ್ಲಿ ಬಂದರು. ಕಡಲೆಯ ನಡುವೆ ಅಲ್ಲಲ್ಲಿ ಬೋಳು ಕಾಣುತ್ತಿತ್ತು. ಆಚೆ ತುದಿಯಲ್ಲಿ ಹತ್ತಾರು ಹೆಬ್ಬಾತು ಮೇಯುತ್ತಿದ್ದವು, ಉಳಿದ ಹಿಂಡು ನೀರಿನಲ್ಲಿತ್ತು.

ಅತ್ತೆ ಹೋಳಿಗೆಗೆ ತುಪ್ಪ ಹಾಕುತ್ತ, "ಯುಗಾದಿತನಕಾ" ಎಂದರು. ಅಷ್ಟೇ. ಎದುರಾಳಿಯ ಸಮಾರೋಪ ಅಷ್ಟು ಚಿಕ್ಕದಾಗಿದ್ದರೆ ಎಷ್ಟು ಉರಿಯುತ್ತದೆ ಎಂಬುದು ಚರ್ಚಾಪಟುಗಳಿಗೇ ಗೊತ್ತು.

"ಹೊತ್ತಿನ್ನೂ ಮುಳುಗಿಲ್ರಿ ಅತ್ತಿ!" ಎಂದು ನಾನು ಎದ್ದೆ. ಕೊನೆಯ ವಾದ, ಮುಂದೆ ತಿಂಗಳುಗಟ್ಟಲೆ ಮೌನ. ಎದೆ ತುಂಬ ಉಸಿರೆಳೆದು ಕೂಗಿದೆ: "ಮಾನ್ಯ ಸಭಾಧ್ಯಕ್ಷರೇ!"

ನೀರಿನ ಮೇಲಿನ ಹಿಂಡು ಎದ್ದಿತು. ಎದ್ದದ್ದು ಹಿಮಾಲಯದ ಕಡೆಗಲ್ಲ, ನೇರ ನಮ್ಮ ಕಡೆಗೆ! ಬುತ್ತಿಯ ಸುತ್ತ, ಮೊಸರನ್ನದ ಪಕ್ಕ, ಅತ್ತೆಯ ಸೆರಗಿನ ತುದಿಯ ಮೇಲೆ ದಬದಬನೆ ಇಳಿದವು. ಜನ ಚಕ್ಕಡಿ ಹತ್ತಿದರು. ಊಟಕ್ಕೆ ಕರೆದಿದ್ದ ಕ್ಯಾಮೆರಾ ಹುಡುಗ ಬನ್ನಿ ಗಿಡ ಹತ್ತಿದ.

"ಎದಕ್ಕ ಓಡಿ ಬಂದುವು ಇವು?" ಎಂದರು ಶಿವಪ್ಪ ಕಾಕಾ ಚಕ್ಕಡಿಯ ಮೇಲಿಂದ.

ಗಂಡ ನಿಧಾನವಾಗಿ ವಿವರಿಸಿದರು. "ಇಕಿ ದನಿ ಎಲ್ಲಿರ್ತೈತಿ, ಅಲ್ಲಿ ನಾಯಿ ಇರಂಗಿಲ್ಲ, ಮಂದಿ ಇರಂಗಿಲ್ಲ. ಹದಿನೈದು ದಿನದಾಗ ಕಲತಾವ ನೋಡ್ರಿ. ನನಗ ಎರಡ ವರ್ಷ ಹಿಡಿತು."

ಅವಮಾನ ಆಮೇಲೆ ಮಾಡಿಕೊಂಡರಾಯಿತು, ಮೊದಲು ಗೆಲ್ಲಬೇಕು! ನಾನು ಭಾಷಣ ಮುಂದುವರಿಸುತ್ತಲೇ ನೀರಿನ ಕಡೆ ನಡೆದೆ. ಹಿಂಡು ಹಿಂದೆ ಬಂತು. ಆಚೆ ತುದಿಯ ಹತ್ತಾರೂ ತಲೆಯೆತ್ತಿ ಮೆರವಣಿಗೆ ಸೇರಿದವು. ನೀರು ಹೊಸದಾಗಿ ಇಳಿದ, ಯಾರೂ ಬಿತ್ತದ, ಎಳೇ ಹುಲ್ಲು ಚಿಗುರಿದ ದಂಡೆಯಲ್ಲಿ ನಿಂತು ಮೌನದ ಮಹತ್ವವನ್ನು ಗಂಟಲು ಬೀಳುವವರೆಗೆ ಸಾರಿದೆ. ಅವು ಹುಲ್ಲು ಮೇಯುತ್ತ ಕೇಳಿದವು. ಎದ್ದು ಹೋಗದ ಸಭಿಕರು! ಹೊತ್ತು ಮುಳುಗಿತು. ಅತ್ತೆಯ ಕಡಲೆಯಲ್ಲಿ ಒಂದೂ ಹಕ್ಕಿ ಇರಲಿಲ್ಲ.

ಅತ್ತೆ ಕೊಟ್ಟ ಮಾತಿಗೆ ತಪ್ಪುವವರಲ್ಲ. ಚಕ್ಕಡಿಯ ಮೇಲೆ ನಿಂತು, "ನನ್ನ ಸೊಸಿ ಶ್ಯಾಣ್ಯಾಕಿ!" ಎಂದು ಸಾರಿದರು. "ಮನಶ್ಯಾರು ಕೇಳಲಿಕ್ರೂ ಹಕ್ಕಿ ಕೇಳತಾವ!"

ಸ್ಪೀಕರ್ ಅಂದೇ ದಂಡೆಗೆ ವರ್ಗವಾಯಿತು. ಹಕ್ಕಿಗಳು ಅಲ್ಲೇ ಉಳಿದವು. ಪಟಾಕಿ ಉಳಿಯಿತು, ಕಾಯ್ದೆ ಉಳಿಯಿತು, ಕ್ಯಾಮೆರಾದವನಿಗೆ ಒಂದೇ ಕಡೆ ಇಡೀ ಹಿಂಡು ಸಿಕ್ಕಿತು. ಚೂಟಿದ ಕಡಲೆ ಟಿಸಿಲೊಡೆದು ಬುಟ್ಟಿ ತುಂಬಿತು. ಅತ್ತೆ ಅದನ್ನು ನನ್ನ ಎದುರೇ ಎರಡು ಸಲ ಅಳೆದರು, ನನ್ನದೇ ಕಪ್ಪಿನಲ್ಲಿ. ಶಿವಪ್ಪ ಕಾಕಾ, "ಎವ್ವಾ, ಮುಂದಿನ ವರ್ಷಕ್ಕ ನಿನ್ನ ದನಿ ನಮಗೂ ಒಂದ ಪೆನ್‌ಡ್ರೈವಿಗೆ ಹಾಕಿ ಕೊಡು" ಎಂದು ಕೈಮುಗಿದರು. ಇಂಥ ಪ್ರಶಸ್ತಿ ಯಾವ ಚರ್ಚಾಪಟುವಿಗೆ ಬಂದಿದೆ?

ಹೀಗೆ ನಾನು ಸಂಪೂರ್ಣವಾಗಿ, ನಿರ್ವಿವಾದವಾಗಿ ಗೆದ್ದೆ. ಮನೆಯಲ್ಲಿ ಎದುರು ಮಾತಾಡುವ ಹಕ್ಕು ಉಳಿಸಿಕೊಂಡೆ. ಈಗ ನಾನು ಬಾಯಿ ತೆರೆದಕೂಡಲೇ ಮಾವ ಗುಡಿಗೆ, ಅತ್ತೆ ಹಿತ್ತಲಿಗೆ, ಗಂಡ ಹೊಲಕ್ಕೆ ಹೊರಡುತ್ತಾರೆ. ಯಾರೂ ಪ್ರತಿವಾದಿಸುವುದಿಲ್ಲ.

ಕೂತು ಕೇಳುತ್ತಿದ್ದವರು ಬೇಸಿಗೆ ಬಂತೆಂದು ಹಿಮಾಲಯಕ್ಕೆ ಹೋಗಿಬಿಟ್ಟಿದ್ದಾರೆ.