ಮುಂಗಾಲೆತ್ತಿ ನಿಂತ ಡ್ಯೂಕ್

ಸುಳ್ಳು ಹೇಳುವುದು ನನ್ನ ಸ್ವಭಾವವಲ್ಲ. ಹೊಟ್ಟೆ ತುಂಬಿದಾಗ ಮಾತ್ರ ಹೇಳುತ್ತೇನೆ. ಹಸಿದಿರುವಾಗ ನನ್ನಷ್ಟು ಸತ್ಯವಂತ ದುಬೈಯಲ್ಲೇ ಇರಲಿಕ್ಕಿಲ್ಲ; ಬಂಗುಡೆ ಸಾರಿನಲ್ಲಿ ಎರಡು ಸೌಟು ಅನ್ನ ಒಳಗೆ ಹೋಯಿತೋ, ನಾಲಿಗೆಗೆ ತಡೆಯೇ ಇರುವುದಿಲ್ಲ. ರಾಸ್ ಅಲ್ ಖೋರ್‌ನಲ್ಲಿ ನಮ್ಮದು ವಾಹನಗಳ ಬಿಡಿಭಾಗ ಮಾರುವ ಕಂಪನಿ. ಒಂದು ದಿನ ಪ್ಯಾಂಟ್ರಿಯಲ್ಲಿ ಊಟ ಮುಗಿಸಿ ಕೂತಿದ್ದಾಗ ಯಾರೋ ಫಾರ್ಮಿನ ಹಕ್ಕಿ ಮಾಂಸವನ್ನು ಹೊಗಳಿದರು. ನನ್ನಿಂದ ಸುಮ್ಮನಿರಲಾಗಲಿಲ್ಲ. "ಅದೆಲ್ಲ ಎಂತ ಹಕ್ಕಿ ಮಾರಾಯ್ರೆ? ನಮ್ಮಪ್ಪ ನಾಯಿ ಕರ್ಕೊಂಡು ಗುಡ್ಡೆ ಹತ್ತಿದ್ರೆ ನಾಲ್ಕು ಕೌಜುಗ ಇಲ್ಲದೆ ಇಳಿದದ್ದೇ ಇಲ್ಲ. ನಾಯಿಯ ಜವಾಬ್ದಾರಿ ಪೂರ್ತಿ ನಂದೇ!" ಎಂದುಬಿಟ್ಟೆ. ನಿಜ ಹೇಳಬೇಕೆಂದರೆ, ನಮ್ಮಪ್ಪ ಕಾರ್ಕಳದ ಕಡೆ ಟೈಲರ್ ಆಗಿದ್ದವರು. ಬೀದಿ ನಾಯಿ ಬೊಗಳಿದರೆ ಗಜಕಡ್ಡಿ ಹಿಡಿದು ಬಾಗಿಲ ಹಿಂದೆ ನಿಲ್ಲುತ್ತಿದ್ದರು. ನಾನು ಅವರ ಹಿಂದೆ ನಿಲ್ಲುತ್ತಿದ್ದೆ.

ಈ ಬೇಟೆಯ ಕಥೆಯನ್ನು ಮೂಲೆಯಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದ ನಮ್ಮ ಮ್ಯಾನೇಜರ್ ಶ್ರೀಕಂಠಯ್ಯನವರು ಕಿವಿಗೊಟ್ಟು ಕೇಳಿದ್ದರು. ಮೈಸೂರಿನವರು. ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟದ ಮನೆ. ವಿಧಿಯ ಆಟ ನೋಡಿ, ಅಂಥ ಮನೆಯಲ್ಲಿ ಒಂದು ಬೇಟೆನಾಯಿ! ದುಬೈ ಬಿಟ್ಟುಹೋಗುವಾಗ ಇಲ್ಲಿನ ಪಕ್ಕದ ಮನೆಯ ಬಿಳಿಯ ದೊರೆಯೊಬ್ಬ ಕಣ್ಣೀರಿಟ್ಟು ಅದನ್ನು ಇವರ ಕೈಗೆ ಒಪ್ಪಿಸಿದ್ದನಂತೆ. ಪಾಯಿಂಟರ್ ಜಾತಿ, ಹೆಸರು ಡ್ಯೂಕ್.

ಮರುದಿನವೇ ಕ್ಯಾಬಿನ್‌ಗೆ ಕರೆದರು. "ಸಿರಿಲ್, ಮಗಳ ನಿಶ್ಚಿತಾರ್ಥಕ್ಕೆ ಹದಿನೈದು ದಿನ ಊರಿಗೆ ಹೋಗ್ತಿದೀವಿ ಕಣ್ರೀ. ಡ್ಯೂಕ್‌ನ ನಿಮ್ಮನೇಲಿ ಬಿಡ್ತೀನಿ. ನಿಮ್ಮಂಥ ಅನುಭವಸ್ಥರು ಇರೋವಾಗ ಬೇರೆಯವರ ಹತ್ರ ಯಾಕೆ ಬಿಡ್ಲಿ?"

"ಕಚ್ಚುದಿಲ್ಲ ಅಲ್ವಾ ಸರ್?" ಎಂದೆ.

"ಬೇಟೆಗಾರರು ಕೇಳೋ ಪ್ರಶ್ನೆನೇನ್ರೀ ಇದು!" ಎಂದು ನಕ್ಕರು. ನಾನೂ ನಕ್ಕೆ. ಅವರ ಮೇಜಿನ ಮೇಲೆ ನನ್ನ ಕೆಲಸದ ಕರಾರು ಮುಂದುವರಿಸುವ ಕಾಗದ ಸಹಿಯಾಗದೆ ಬಿದ್ದಿತ್ತು. "ಊರಿಂದ ಬಂದ್ಮೇಲೆ ಮೊದಲು ಇದನ್ನ ನೋಡ್ತೀನಿ" ಎಂದರು.

ನಾವಿರುವುದು ಮಿರ್ದಿಫ್‌ನ ಒಂದು ವಿಲ್ಲಾದ ಹಿಂಭಾಗದ ಎರಡು ಕೋಣೆಗಳಲ್ಲಿ. ನಾಯಿಯೊಂದಿಗೆ ಬಂದ ನನ್ನನ್ನು ಕಂಡು ಹೆಂಡತಿ ಹಿಲ್ಡಾ ಬಾಗಿಲಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಊಟ ಆದ ಮೇಲೆ ಬಾಯಿ ಬಿಡ್ಬೇಡಿ ಅಂತ ಎಷ್ಟು ಸರ್ತಿ ಹೇಳಿದ್ದೇನೆ? ಈಗ ಅನುಭವಿಸಿ!" ಅನುಭವಿಸಿದೆ. ಡ್ಯೂಕ್ ಸೀನಿದರೆ ನನಗೆ ಜ್ವರ. ಅದು ಅರ್ಧ ಬಟ್ಟಲು ಬಿಟ್ಟರೆ ನನಗೆ ಊಟ ಸೇರದು. ಬೆಳಿಗ್ಗೆ ಎದ್ದು ಅದರ ಹೊಟ್ಟೆ ಏರಿಳಿಯುತ್ತಿದೆಯೇ ಎಂದು ಮೂರು ಮಾರು ದೂರದಿಂದಲೇ ನೋಡಿ, ಫೋಟೊ ತೆಗೆದು ಸರ್‌ಗೆ ಕಳಿಸುತ್ತಿದ್ದೆ. ನಮ್ಮ ಮಕ್ಕಳಿಗೆ ಸೀತಾಳೆ ಸಿಡುಬು ಬಂದಾಗಲೂ ನಾನು ಇಷ್ಟು ಎಚ್ಚರವಾಗಿರಲಿಲ್ಲವೆಂದು ಹಿಲ್ಡಾ ಈಗಲೂ ಚುಚ್ಚುತ್ತಾಳೆ.

ಒಂಬತ್ತನೆಯ ದಿನ ಸಂಜೆ ವಾಕಿಂಗ್ ಹೊರಟಿದ್ದೆವು. ಹೊರಟಿದ್ದೆವು ಎಂದರೆ ಡ್ಯೂಕ್ ಹೊರಟಿದ್ದ, ಹಗ್ಗದ ಈಚೆ ತುದಿಯಲ್ಲಿ ನಾನು ಎಳೆಯಲ್ಪಡುತ್ತಿದ್ದೆ. ಪಕ್ಕದ ಬೀದಿಯ ದೊಡ್ಡ ವಿಲ್ಲಾದ ಬೇಲಿಯ ಹತ್ತಿರ ಬಂದವನೇ ಡ್ಯೂಕ್ ತಟಕ್ಕನೆ ನಿಂತ. ಬಾಲ ನೆಟ್ಟಗೆ, ಮೂಗು ಬೇಲಿಯ ಕಡೆಗೆ, ಒಂದು ಮುಂಗಾಲು ಗಾಳಿಯಲ್ಲಿ. ಕರೆದೆ, ಕದಲಲಿಲ್ಲ. ಬಿಸ್ಕತ್ತು ತೋರಿಸಿದೆ, ಕಣ್ಣೂ ಹೊರಳಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಹಿಲ್ಡಾಗೆ ಫೋನ್ ಮಾಡಿ, "ನಾಯಿಗೆ ಲಕ್ವ ಹೊಡೆದಿದೆ! ಒಂದು ಕಾಲು ಮೇಲೆಯೇ ಉಂಟು, ಇಳಿಯುದೇ ಇಲ್ಲ!" ಎಂದೆ. "ನೀವು ಮೊದಲು ಉಸಿರು ಬಿಡಿ" ಎಂದಳು. ಉಸಿರು ಬಿಡುವುದು ಹೇಗೆ? ಸರ್ ಮುಖ, ಮೇಜಿನ ಮೇಲಿನ ಕಾಗದ, ಊರಿಗೆ ಹೋಗುವ ವಿಮಾನ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅಪರಿಚಿತರ ಮನೆಯ ಬೇಲಿಗೆ ಕಣ್ಣು ನೆಟ್ಟು ಇಪ್ಪತ್ತು ನಿಮಿಷ ನಿಂತವನನ್ನು ಪೊಲೀಸರು ಏನೆಂದುಕೊಂಡಾರು ಎಂಬ ಭಯ ಬೇರೆ.

ಅಷ್ಟರಲ್ಲಿ ಗೇಟು ತೆರೆದು ಕಂದೂರ ಎಂಬ ಬಿಳಿ ನಿಲುವಂಗಿ ತೊಟ್ಟ ಅರಬ್ಬಿ ಅಜ್ಜರೊಬ್ಬರು ಹೊರಬಂದರು. ನಾನು ಕೈ ಮುಗಿದು, ಹಿಂದಿಯಲ್ಲಿ, ನಾಯಿಗೆ ಕಾಯಿಲೆ, ದಯವಿಟ್ಟು ಕ್ಷಮಿಸಿ ಎಂದೆ. ಅವರು ನಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ನಾಯಿಯನ್ನೇ ಪ್ರೀತಿಯಿಂದ ನೋಡಿದರು.

"ಬೀಮಾರ್ ನಹೀ. ಅಂದರ್ ಚಿಡಿಯಾ ಹೈ" ಎಂದರು. ಬೇಲಿಯ ಪೊದೆಯೊಳಗೆ ಹಕ್ಕಿ ಕೂತಿದೆಯಂತೆ. ಅದನ್ನು ತೋರಿಸಿ ಅಲುಗದೆ ನಿಲ್ಲುವುದಷ್ಟೇ ಈ ನಾಯಿಯ ಕೆಲಸವಂತೆ. ಹಕ್ಕಿಯನ್ನು ಎಬ್ಬಿಸುವುದು ಬೇಟೆಗಾರನ ಕೆಲಸವಂತೆ. "ತುಮ್ ಜಾವ್. ತಾಲಿ ಮಾರೋ, ಉಡಾವ್" ಎಂದು ಚಪ್ಪಾಳೆ ತಟ್ಟಿ ತೋರಿಸಿ, ಬೆರಳು ಎತ್ತಿ ಎಚ್ಚರಿಸಿದರು: "ಪಕಡೋ ಮತ್. ಮಮ್ನೂ!" ಹಿಡಿಯುವುದು ನಿಷಿದ್ಧ. ದೇವರಾಣೆ, ಆ ಯೋಚನೆ ನನಗೆ ಇರಲೇ ಇಲ್ಲ.

ಹಗ್ಗವನ್ನು ಅಜ್ಜರ ಕೈಗೆ ಕೊಟ್ಟು, ಮೇರಿ ಮಾತೆಯನ್ನು ನೆನೆದು, ಪೊದೆಯ ಹತ್ತಿರ ಹೋಗಿ ಬಗ್ಗಿ ಒಂದು ಚಪ್ಪಾಳೆ ತಟ್ಟಿದೆ. ಭರ್ರನೆ ಏನೋ ನನ್ನ ಮುಖಕ್ಕೇ ಹಾರಿತು. ಕೌಜುಗ! ಅದು ಕಿರುಚಿದ್ದಕ್ಕಿಂತ ಜೋರಾಗಿ ನಾನು ಕಿರುಚಿದೆ. ಎರಡೂ ಕೈ ಬಡಿದುಕೊಂಡು, ಒಂದು ಚಪ್ಪಲಿ ಬಿಟ್ಟು, ಮರಳಿನಲ್ಲಿ ಅಂಗಾತ ಬಿದ್ದೆ. ಹಕ್ಕಿ ರಸ್ತೆ ದಾಟಿ ಮಾಯವಾಯಿತು. ಡ್ಯೂಕ್ ಕಾಲು ಇಳಿಸಿ, ಅದು ಹೋದ ದಿಕ್ಕನ್ನೊಮ್ಮೆ ನೋಡಿ, ನನ್ನ ಬಳಿ ಬಂದು ತಲೆಯಿಂದ ಪಾದದವರೆಗೆ ಬಹಳ ಗಮನವಿಟ್ಟು ಮೂಸಿದ. "ಯಲ್ಲಾ, ಖಲಾಸ್", ಮುಗಿಯಿತು ಹೊರಡು ಎಂದು ಹಗ್ಗವನ್ನು ನನ್ನ ಕೈಗಿತ್ತು ಅಜ್ಜರು ನಗು ತಡೆಯಲಾರದೆ ಒಳಗೆ ಹೋದರು.

ಸರ್ ಬಂದ ದಿನ ಡ್ಯೂಕ್‌ನನ್ನು ಅವರ ಮನೆಗೆ ಮುಟ್ಟಿಸಿದೆ. ಒಂದು ಕೂದಲೂ ಕೊಂಕಿರಲಿಲ್ಲ. ಮಗಳ ನಿಶ್ಚಿತಾರ್ಥದ ಲಾಡು ತಿನ್ನುತ್ತಾ ಸೋಫಾದಲ್ಲಿ ನಿರಾಳವಾಗಿ ಕೂತೆ. ಸರ್ ಬ್ಯಾಗಿನಿಂದ ಆ ಕಾಗದವನ್ನೂ ಪೆನ್ನನ್ನೂ ತೆಗೆದರು. "ಏನ್ ಬೇಟೆ ಆಡಿದ್ರಿ ಇಬ್ರೂ?" ಎಂದರು. "ನಮ್ಗೆ ಇದೆಲ್ಲ ಚಿಕ್ಕಂದಿನಿಂದ ಅಭ್ಯಾಸ ಸರ್" ಎಂದು ನಾನು ಶುರುಮಾಡಿದ್ದೆನಷ್ಟೆ. ಮನೆಯೆಲ್ಲ ಓಡಾಡಿಕೊಂಡು ಬಂದ ಡ್ಯೂಕ್ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ತಟಕ್ಕನೆ ನಿಂತ. ಬಾಲ ನೆಟ್ಟಗೆ, ಮೂಗು ನನ್ನ ಕಡೆಗೆ, ಒಂದು ಮುಂಗಾಲು ಗಾಳಿಯಲ್ಲಿ.

"ಇದೇನ್ರೀ! ಮನುಷ್ಯರ ಮುಂದೆ ಇವನು ಹೀಗೆ ನಿಂತಿದ್ದೇ ಇಲ್ಲ" ಎಂದು ಸರ್ ಬೆರಗಾದರು. ನಾನು ಲಾಡು ಬಾಯಲ್ಲಿಟ್ಟುಕೊಂಡು ಅಲುಗದೆ ಕೂತೆ. ಡ್ಯೂಕ್‌ನನ್ನು ಕದಲಿಸಲೆಂದು ಸರ್ ಜೋರಾಗಿ ಒಂದು ಚಪ್ಪಾಳೆ ತಟ್ಟಿದರು.

"ಸರ್, ನಮ್ಮಪ್ಪ ಟೈಲರ್!" ಎಂದು ಹಾರಿ ಎದ್ದೆ.

ಡ್ಯೂಕ್ ಸಮಾಧಾನದಿಂದ ಕಾಲು ಇಳಿಸಿದ. ಸರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಕಾಗದಕ್ಕೆ ಸಹಿಯನ್ನೂ ಹಾಕಿದರು. ಆದರೆ ಈಗ ಪ್ಯಾಂಟ್ರಿಯಲ್ಲಿ ನಾನು ಊಟ ಮುಗಿಸಿ ಕೈ ಒರೆಸಿಕೊಂಡು "ನಮ್ಮಜ್ಜ ಒಮ್ಮೆ..." ಎಂದು ಬಾಯಿ ತೆರೆದರೆ ಸಾಕು, ಅವರು ಮೊಸರನ್ನದ ಡಬ್ಬಿ ಕೆಳಗಿಟ್ಟು ಮೆಲ್ಲಗೆ ಒಂದು ಚಪ್ಪಾಳೆ ತಟ್ಟುತ್ತಾರೆ.