ಡಿಸ್ಕಿನಲ್ಲಿ ಉಳಿದ ಜಾಗ

ಯಂತ್ರದ ಜೊತೆ ಬರುವ ಕೈಪಿಡಿಯನ್ನು ಓದದೇ ಇರುವವರಿಗಿಂತ ಅರ್ಧ ಓದಿದವರಿಂದಲೇ ಲೋಕಕ್ಕೆ ಹೆಚ್ಚು ಹಾನಿ. ಓದದವನು ಎರಡು ಗುಂಡಿ ಒತ್ತಿ ಸೋತು ಬೇರೆಯವರನ್ನು ಕರೆಯುತ್ತಾನೆ. ಅರ್ಧ ಓದಿದವನು ಯಾರನ್ನೂ ಕರೆಯುವುದಿಲ್ಲ, ಎಲ್ಲರೂ ಅವನನ್ನೇ ಕರೆಯುತ್ತಾರೆ. ದೋಹಾದ ನಮ್ಮ ಕರಾವಳಿಯವರ ನಡುವೆ ಬಹುಕಾಲ ಆ ಪಟ್ಟ ನನ್ನದಾಗಿತ್ತು. ಯಾರ ಮನೆಯ ಟಿವಿಯಲ್ಲಿ ಬಣ್ಣ ಹೋದರೂ, ಯಾರ ಸ್ಪೀಕರ್ ಕೆಮ್ಮಿದರೂ ನನಗೆ ಫೋನು. ನಾನು ಹೋಗಿ ಚಹಾ ಕುಡಿದು, ಒಂದಷ್ಟು ಇಂಗ್ಲಿಷ್ ಅಕ್ಷರಗಳನ್ನು ಉದುರಿಸಿ ಬರುತ್ತಿದ್ದೆ.

ನಾವು ಇಲ್ಲಿನ ಬಿನ್ ಒಮ್ರಾನ್ ಬಡಾವಣೆಯಲ್ಲಿದ್ದಾಗ ಮನೆಗೆ ಡಿವಿಡಿ ರೆಕಾರ್ಡರ್ ತಂದೆ. ಕಾರಣ ನನ್ನ ಹೆಂಡತಿ ವಸಂತಿ. ಆಗ ಇಲ್ಲಿ ನಮ್ಮವರ ಸೀಮಂತವಿರಲಿ, ನಿಶ್ಚಿತಾರ್ಥವಿರಲಿ, ಶೋಭಾನೆ ಹಾಡಲು ಅವಳೇ ಬೇಕು. ಅವಳು ಹಾಡಿದ್ದನ್ನೆಲ್ಲ ನಾನು ಹ್ಯಾಂಡಿಕ್ಯಾಮಿನಲ್ಲಿ ಹಿಡಿದಿದ್ದೆ. ಆ ಟೇಪುಗಳು ಹಾಳಾಗುವ ಮೊದಲು ಡಿಸ್ಕಿಗೆ ಇಳಿಸಬೇಕೆಂದು ಕೈಪಿಡಿ ಹಿಡಿದು ಕುಳಿತೆ. ಎಸ್‌ಪಿ, ಎಲ್‌ಪಿ, ಪಾಲ್, ಪಿಸಿಎಂ, ಬಿಟ್‌ರೇಟ್! ಪರೀಕ್ಷೆಗೂ ಅಷ್ಟು ಓದಿದವನಲ್ಲ ನಾನು. ಓದಿದ್ದನ್ನು ಹೆಂಡತಿಗೆ ವಿವರಿಸದಿದ್ದರೆ ಜ್ಞಾನ ಪೂರ್ಣವಾಗುವುದಿಲ್ಲವಲ್ಲ. "ನೋಡು, ಡಿಸ್ಕಿನ ಜಾಗ ಅಂದ್ರೆ ದೋಸೆ ಹಿಟ್ಟು, ಇರುವುದು ಅಷ್ಟೇ. ದಪ್ಪ ಹೊಯ್ದರೆ ನಾಲ್ಕು ದೋಸೆ, ಅದು ಎಸ್‌ಪಿ. ತೆಳ್ಳಗೆ ಹೊಯ್ದರೆ ಎಂಟು, ಅದು ಎಲ್‌ಪಿ. ರುಚಿ ಸ್ವಲ್ಪ ಕಡಿಮೆ" ಎಂದೆ. "ಇಷ್ಟಕ್ಕೆ ಇಷ್ಟೆಲ್ಲ ಇಂಗ್ಲಿಷ್ ಯಾಕೆ ಮಾರಾಯ್ರೆ?" ಎಂದಳು. ನಾನು ಅವಳ ಹಾಡಿಗೆ ದಪ್ಪ ದೋಸೆಯನ್ನೇ ಆರಿಸಿದೆ. ಅಷ್ಟರಮಟ್ಟಿಗೆ ನಾನು ಒಳ್ಳೆಯ ಗಂಡ.

ಕೈಪಿಡಿಯ ಕೊನೆಯಲ್ಲಿ 'ಫೈನಲೈಸ್' ಎಂದೊಂದು ಅಧ್ಯಾಯವಿತ್ತು. ಫೈನಲೈಸ್ ಮಾಡಿದ ಮೇಲೆ ಡಿಸ್ಕಿಗೆ ಮತ್ತೇನನ್ನೂ ಸೇರಿಸಲಾಗದು ಎಂಬುದು ಅದರ ಮೊದಲ ವಾಕ್ಯ. ನನಗೆ ಅಲ್ಲಿಯೇ ಸಿಟ್ಟು ಬಂತು. ಹಾಡುಗಳನ್ನೆಲ್ಲ ಇಳಿಸಿದ ಮೇಲೂ ಡಿಸ್ಕಿನಲ್ಲಿ ಇನ್ನೂ ಅರ್ಧದಷ್ಟು ಜಾಗ ಇದೆ! ಗಲ್ಫಿನವರಾದ ನಾವು ಊರಿಗೆ ಹೊರಟಾಗ ಪೆಟ್ಟಿಗೆಯನ್ನು ತೂಗಿ, ಒಂದು ಕಿಲೋ ಬಾಕಿ ಇದೆಯೆಂದು ಗೊತ್ತಾದರೆ ಮುಚ್ಚುವುದಿಲ್ಲ. ಹಾಲಿನ ಪುಡಿ ತುರುಕುತ್ತೇವೆ, ಖರ್ಜೂರ ತುರುಕುತ್ತೇವೆ, ಏನೂ ಸಿಗದಿದ್ದರೆ ಪಕ್ಕದ ಮನೆಯವರ ಶಾಂಪೂ ಒಯ್ಯುತ್ತೇವೆ. ಅಂಥ ನನ್ನ ಕೈಯಲ್ಲಿ ಅರ್ಧ ಖಾಲಿ ಡಿಸ್ಕನ್ನು ಮುಚ್ಚಿಸಲು ಅದು ಯಾವ ಕಂಪನಿ? "ನೀನು ಇನ್ನೂ ಹಾಡ್ತಿಯಲ್ಲ, ಅದನ್ನೂ ಇದರಲ್ಲೇ ಹಾಕುವ" ಎಂದು ವಸಂತಿಗೆ ಹೇಳಿ ಕೈಪಿಡಿ ಮಡಚಿಟ್ಟೆ. ಎರಡನೆಯ ವಾಕ್ಯ ಓದಲಿಲ್ಲ.

ಮುಂದೆ ವಸಂತಿಗೆ ಥೈರಾಯ್ಡ್ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು ಎಂದರು ಡಾಕ್ಟರು. ಮಾತು ಮರಳಿತು, ಹಾಡು ಮರಳಲಿಲ್ಲ. ಅಡುಗೆಮನೆಯಲ್ಲಿ ಒಮ್ಮೊಮ್ಮೆ ಶುರುಮಾಡಿ, ಮೇಲಿನ ಸ್ವರಕ್ಕೆ ಬಂದಾಗ ಕೆಮ್ಮಿದಂತೆ ಮಾಡಿ ನಲ್ಲಿ ತಿರುಗಿಸುತ್ತಿದ್ದಳು. ಆದರೂ ಎಲ್ಲ ಡಿಸ್ಕಿನಲ್ಲಿ ಭದ್ರವಾಗಿದೆ ಎಂಬ ಧೈರ್ಯ ನನಗೆ. ಅಲ್ ಹಿಲಾಲಿನ ಸಣ್ಣ ಫ್ಲ್ಯಾಟಿಗೆ ಬರುವಾಗ ಅದೇ ಧೈರ್ಯದಿಂದ ಟೇಪುಗಳನ್ನು ಕಸಕ್ಕೆ ಹಾಕಿದೆ. ರೆಕಾರ್ಡರನ್ನು, ಎಲ್ಲ ಬಿಟ್ಟು ಕೇರಳಕ್ಕೆ ಹೊರಟಿದ್ದ ಪಕ್ಕದ ಮನೆಯ ಬಾಬುವಿಗೆ ಕೊಟ್ಟೆ. ಅವನ ಕಾರ್ಗೋ ಡಬ್ಬದಲ್ಲೂ ಸ್ವಲ್ಪ ಜಾಗ ಉಳಿದಿತ್ತು.

ಈ ವರ್ಷ ಮಗಳು ಅಶ್ವಿನಿಯ ನಿಶ್ಚಿತಾರ್ಥ, ಅಲ್ ಅಜೀಜಿಯಾದಲ್ಲಿರುವ ಹುಡುಗನ ಮನೆಯಲ್ಲಿ. "ಪಪ್ಪಾ, ಶೋಭಾನೆ ಅಮ್ಮನದ್ದೇ ಬೇಕು, ಪ್ಲೀಸ್" ಎಂದಳು. ಪೆನ್‌ಡ್ರೈವಿಗೆ ಹಾಕಿಸಿ ತನ್ನಿ ಅಂಕಲ್ ಎಂದ ಅಳಿಯನಾಗುವವನಿಗೆ ಬಿಟ್‌ರೇಟಿನ ಬಗ್ಗೆ ಪಾಠ ಮಾಡಿ, ಡಿಸ್ಕಿನಿಂದಲೇ ಹಾಕುವುದೆಂದು ತೀರ್ಮಾನಿಸಿದೆ. ಪಾಪ, ಬೀಗರು ಕಪಾಟಿನಿಂದ ಹಳೆಯ ಪ್ಲೇಯರ್ ತೆಗೆದು ಒರೆಸಿಟ್ಟಿದ್ದರು. ವಸಂತಿ ಹಸಿರು ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ತನ್ನ ಹಳೆಯ ಸ್ವರವನ್ನು ಆಪರೇಷನ್ನಿನ ನಂತರ ಮೊದಲ ಸಲ ಕೇಳಲು ಒಪ್ಪಿದ್ದಳು. ನಾನು ಡಿಸ್ಕ್ ಹಾಕಿದೆ. ಈ ಡಿಸ್ಕನ್ನು ಓದಲಾಗುತ್ತಿಲ್ಲ ಎಂದಿತು ಪರದೆ.

"ಉಲ್ಟಾ ಹಾಕಿದಿರಾ?" ಎಂದರು ಒಬ್ಬರು. ಇನ್ನೊಬ್ಬರು ಪಂಚೆಯಲ್ಲಿ ಒರೆಸಿ ಕೊಟ್ಟರು. "ಯಲ್ಲಾ, ಬೇಗ ಬೇಗ, ಮುಹೂರ್ತ ಮೀರ್ತದೆ" ಎಂದು ಹುಡುಗನ ಚಿಕ್ಕಪ್ಪ ಮೊಬೈಲಿನಲ್ಲಿ ಯಾರದೋ ಶೋಭಾನೆ ಹಚ್ಚಿದರು. ನಡುವೆ ಕ್ರೀಮಿನ ಜಾಹೀರಾತು ಬಂತು. ಉಂಗುರ ತೊಡಿಸಿದ್ದು ಆ ಜಾಹೀರಾತಿನ ಹೊತ್ತಿನಲ್ಲೇ. ವಸಂತಿ ನನ್ನತ್ತ ನೋಡಲೂ ಇಲ್ಲ.

ಮರುದಿನ ಬಾಬುವಿಗೆ ಫೋನ್ ಮಾಡಿದೆ. ರೆಕಾರ್ಡರ್ ತುಕ್ಕು ಹಿಡಿದು ಎಂದೋ ಗುಜರಿಗೆ ಹೋಗಿದೆಯಂತೆ. ವಸಂತಿಯನ್ನೂ ಕರೆದುಕೊಂಡು ಬಿನ್ ಒಮ್ರಾನಿನ ಹಳೆಯ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವನು ಏನೇನೋ ತಂತ್ರಾಂಶ ಹಾಕಿ ನೋಡಿದ. ಕೊನೆಗೆ "ಫೈನಲೈಸ್ ಮಾಡಿಲ್ಲ, ಖಲಾಸ್ ಭಾಯಿ" ಎಂದು ಡಿಸ್ಕನ್ನು ನನ್ನ ಕೈಗಿಟ್ಟ.

ನಮ್ಮ ಮನೆಯ ಮಾತು ತುಳು. ವಸಂತಿ ಕನ್ನಡಕ್ಕೆ ತಿರುಗಿದರೆ ಸಂಗತಿ ಗಂಭೀರ ಎಂದರ್ಥ. ಕಾರಿನಲ್ಲಿ ಕನ್ನಡದಲ್ಲಿ ಕೇಳಿದಳು, "ಈ ಫೈನಲೈಸ್ ಅಂದ್ರೆ ಎಂತದ್ದು?"

ಜೀವನದಲ್ಲಿ ಮೊದಲ ಬಾರಿಗೆ ಒಂದು ಶಬ್ದವನ್ನು ಪೂರ್ತಿಯಾಗಿ ವಿವರಿಸಿದೆ. ಅದನ್ನು ಮಾಡದಿದ್ದರೆ, ಬರೆದ ಯಂತ್ರದ ಹೊರತು ಬೇರೆ ಯಂತ್ರ ಆ ಡಿಸ್ಕನ್ನು ಓದದು ಎಂಬ ಎರಡನೆಯ ವಾಕ್ಯವನ್ನೂ ಬಿಡಲಿಲ್ಲ.

"ಹಾಗಾದ್ರೆ ನೀವು ಉಳಿಸಿದ ಜಾಗ ಹಾಗೇ ಉಂಟಲ್ಲ?"

"ಉಂಟು."

"ಇನ್ನು ನೀವೇ ಹಾಡಿ ಹಾಕಿ" ಎಂದು ಕಿಟಕಿಯತ್ತ ತಿರುಗಿದಳು.

ಹಾಕಲು ರೆಕಾರ್ಡರ್ ಇಲ್ಲ ಎಂದು ತಿದ್ದುವಷ್ಟು ತಾಂತ್ರಿಕ ಜ್ಞಾನ ನನ್ನಲ್ಲಿತ್ತು. ಬಾಯಿ ತೆರೆದವನು ಕೆಮ್ಮಿದಂತೆ ಮಾಡಿ ಕಾರಿನ ಎಸಿ ತಿರುಗಿಸಿದೆ.